ಜಗಳ ಬಿಟ್ಟ ಊರು

ಕೇಳಿ, ಹತ್ತಿರ ಬಂದು ಕೂತು ಕೇಳಿ. ನಡೆದು ಹೋದರೆ ಸಿಗದ, ಹೇಳಿದರೆ ಮಾತ್ರ ಸಿಗುವ ಒಂದು ಊರಿತ್ತು. ಆ ಊರಿನ ಜನಕ್ಕೆ ಒಂದು ಚಟ. ಹೆಂಡವೇ? ಅಲ್ಲ. ಜೂಜೇ? ಅಲ್ಲ. ಜಗಳ! ಎದ್ದು ಮುಖ ತೊಳೆಯುವ ಮೊದಲೇ ಒಂದು ಸುತ್ತು ಆಗಿಬಿಡಬೇಕು. ಆಗದಿದ್ದರೆ ಅಂಬಲಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅಂಥ ಊರಿಗೂ ಮೇಲಾದವಳು ಪಾಲಮ್ಮ. ಅವಳು ಬಾಯಿ ತೆಗೆದರೆ ಕಾಗೆಗಳು ಬೇರೆ ಊರಿನ ಮರ ಹುಡುಕಿಕೊಂಡು ಹೋಗುತ್ತಿದ್ದವು. ಅವಳಿಗೆ ಸರಿಜೋಡಿ ಪಕ್ಕದ ಮನೆ ಬೊಮ್ಮಕ್ಕ. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಗೆ ಕಿವಿಯಿದ್ದಿದ್ದರೆ ಎಂದೋ ಕಿವುಡಾಗಿರುತ್ತಿತ್ತು.

ಆ ಊರಿನ ಯಜಮಾನನನ್ನು ಜನರೇ ಆರಿಸುತ್ತಿದ್ದರು. ಹೇಗೆ? ಚಾವಡಿಯೊಳಗೆ ಎರಡು ಗಡಿಗೆ. ಒಬ್ಬೊಬ್ಬರೇ ಒಳಗೆ ಹೋಗಿ, ಬೇಕಾದವನ ಗಡಿಗೆಗೆ ಒಂದು ಹುಣಸೆ ಬೀಜ ಹಾಕಿ ಬರಬೇಕು. ಆದರೆ ಗೆದ್ದ ಮಾತ್ರಕ್ಕೆ ಪೇಟ ಸಿಗದು. ಕಟ್ಟೆಯ ಮೇಲೆ ಕೂತು ಮೊದಲ ನ್ಯಾಯ ಹೇಳಬೇಕು. ಹುಣ್ಣಿಮೆ ಚಂದ್ರ ಮೂಡುವುದರೊಳಗೆ ಯಾರೊಬ್ಬರೂ ಅವನ ಮುಂದೆ ಜಗಳ ತರಲಿಲ್ಲವೋ, ಆರಿಸಿದ್ದೇ ಸುಳ್ಳು, ಮತ್ತೆ ಗಡಿಗೆ ಇಡಬೇಕು. ಹಿರಿಯರ ಕಟ್ಟಳೆ. ಆದರೆ ಜಗಳವಿಲ್ಲದೆ ಒಂದು ಹೊತ್ತು ಕಳೆಯದ ಊರಿನಲ್ಲಿ ಆ ಕಟ್ಟಳೆ ಯಾರಿಗೆ ನೆನಪಿದ್ದೀತು?

ಆ ಸಲ ನಿಂತವರು ಗಿರಿಯಣ್ಣ ಮತ್ತು ಭರ್ಮಪ್ಪ. ಊರಿಗೆ ಊರೇ ಗಿರಿಯಣ್ಣನ ಕಡೆ. ಬೀಜ ಹಾಕಿ ಎಲ್ಲರೂ ಊಟಕ್ಕೆ ಹೋದರು. ಕಾವಲಿಗೆ ಉಳಿದವನು ಯಾರು? ಭರ್ಮಪ್ಪನ ಭಾಮೈದ ಸಣ್ಣೀರಪ್ಪ! ಊಟ ಮುಗಿಸಿ ಬಂದು ನೋಡಿದರೆ ಭರ್ಮಪ್ಪನ ಗಡಿಗೆ ಕಂಠಮಟ್ಟ ತುಂಬಿದೆ. ಸುರಿದರೆ ಹಿಡಿಯಷ್ಟು ಹಸಿ ಬೀಜ, ಉಳಿದದ್ದೆಲ್ಲ ಹುರಿದದ್ದು!

"ಇದೇನಪ್ಪ, ಹಾಕಿದ್ದು ಹಸಿ ಬೀಜ, ಬಂದದ್ದು ಹುರಿದದ್ದು?" ಅಂದಳು ಪಾಲಮ್ಮ.

"ಬಿಸಿಲಿಗೆ ಹುರಿದುಹೋಗಿದೆ ಕಣಕ್ಕ," ಅಂದ ಸಣ್ಣೀರಪ್ಪ.

"ಕದ ಹಾಕಿದ ಚಾವಡಿಯೊಳಗೆ ಬಿಸಿಲು?"

"ಸಂದಿಯಿಂದ ಬಂತು. ಹುರಿದರೂ ಬೀಜ ಬೀಜವೇ, ಹೆಚ್ಚು ಬಿದ್ದವನೇ ಗೆದ್ದ."

ಕೇಳಿದಿರಾ ಮಾತು? ಗಂಡಸರು ದೊಣ್ಣೆ ಎತ್ತಿದರು. ಗಿರಿಯಣ್ಣ ಅಡ್ಡ ನಿಂತ. "ದೊಣ್ಣೆಯಿಂದ ಬಂದ ಯಜಮಾನಿಕೆ ನನಗೆ ಬೇಡ್ರಪ್ಪ. ಇವತ್ತು ನಾನು, ನಾಳೆ ನನಗಿಂತ ಉದ್ದನೆ ದೊಣ್ಣೆಯವನು."

ಊರಿನಲ್ಲಿ ಯಾರು ಏನೇ ಕಿತ್ತುಕೊಂಡರೂ ಪಾಲಮ್ಮ ಬೈದು ವಾಪಸ್ಸು ತಂದಿದ್ದಳು. ಆದರೆ ತನ್ನ ಕೈಯಾರೆ ಹಾಕಿದ ಒಂದು ಬೀಜವನ್ನು ಹೀಗೆ ಇಲ್ಲವಾಗಿಸಿದರೆ ಅದನ್ನು ಯಾರಿಂದ ಕಿತ್ತು ತರುವುದು? ಆಗ ಆ ಹಳೆಯ ಕಟ್ಟಳೆ ಹೊಳೆಯಿತು.

"ಹುಣ್ಣಿಮೆ ಮೂಡೋವರೆಗೆ ಜಗಳ ಬಿಟ್ಟುಬಿಡೋಣ, ಆರಿಸಿದ್ದೇ ಸುಳ್ಳಾಗುತ್ತೆ," ಅಂದಳು.

ಊರು ನಕ್ಕಿತು. ಬೊಮ್ಮಕ್ಕ ಎಲ್ಲರಿಗಿಂತ ಜೋರಾಗಿ ನಕ್ಕಳು. "ಯಾರು ಹೇಳ್ತಿರೋದು ನೋಡ್ರೇ! ನೀನು ಜಗಳ ಬಿಡೋದಾ? ನಾಳೆ ಹೊತ್ತು ಹುಟ್ಟೋದರೊಳಗೆ ನಿನ್ನ ಬಾಯಿಂದಲೇ ಭರ್ಮಪ್ಪನಿಗೆ ಪೇಟ ಕಟ್ಟಿಸ್ತೀಯ."

"ನೋಡ್ತಿರು!"

"ನೋಡೋಣ!"

ಅಲ್ಲೇ ಒಂದು ಜಗಳ ಹೊತ್ತಿಕೊಳ್ಳುತ್ತಿತ್ತು. ಇಬ್ಬರೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮನೆಗೆ ಹೋದರು.

ಮರುದಿನ ಭರ್ಮಪ್ಪ ಶಾಲು ಹೊದ್ದು ಕಟ್ಟೆಯ ಮೇಲೆ ಕೂತ. ಯಾರೂ ಬರಲಿಲ್ಲ. ಇಕ್ಕಟ್ಟಿನ ಓಣಿಯಲ್ಲೂ, "ನೀನು ಮುಂದೆ ಹೋಗಣ್ಣ," "ಅಯ್ಯೋ, ನೀನೇ ಹೋಗಪ್ಪ." ಬದುವಿಗಾಗಿ ಹೊಡೆದಾಡುತ್ತಿದ್ದ ಅಣ್ಣತಮ್ಮಂದಿರು ಬದುವಿನ ಮೇಲೆ ಕೂತು ಒಂದೇ ಬುತ್ತಿ ಉಂಡರು. ಭರ್ಮಪ್ಪನಿಗೆ ದಿಗಿಲಾಯಿತು. ಭಾಮೈದನನ್ನು ಕರೆದ. "ಪಾಲಮ್ಮನ ಬಾಯಿ ತೆಗೆಸೋ. ಆ ಕೆರೆಕಟ್ಟೆ ಒಡೆದರೆ ಊರೇ ಕೊಚ್ಚಿಕೊಂಡು ಬರುತ್ತೆ."

ಸಣ್ಣೀರಪ್ಪ ಬೊಮ್ಮಕ್ಕನ ಮೇಕೆ ಬಿಚ್ಚಿ ಪಾಲಮ್ಮನ ಹಿತ್ತಲಿಗೆ ನುಗ್ಗಿಸಿದ. ಹೂಬಿಟ್ಟ ಅವರೆ ಬಳ್ಳಿ ಬುಡಸಮೇತ ಮಾಯ. ಪಾಲಮ್ಮ ಮೇಕೆಯ ಕಿವಿ ಹಿಡಿದು ಬೊಮ್ಮಕ್ಕನ ಬಾಗಿಲಿಗೆ ಬಂದಳು. ಬೀದಿಯವರೆಲ್ಲ ಜಗಲಿಗೆ ಬಂದು ನಿಂತರು. "ಪಾಪ, ಹಸಿದಿತ್ತು ಕಣೇ," ಅಂದಳು, ಒಂದೊಂದು ಮಾತೂ ಹಲ್ಲಿನ ಸಂದಿಯಿಂದ. "ನಾಳೆಯೂ ಕಳಿಸು."

ಆಮೇಲೆ ಬಾವಿಯ ಹತ್ತಿರ ಸಣ್ಣೀರಪ್ಪ ಪಾಲಮ್ಮನ ಕೊಡ ಒದ್ದು ಒಡೆದ. "ಬೊಮ್ಮಕ್ಕನ ಮೊಣಕೈ ತಾಗಿತು, ನಾನೇ ನೋಡಿದೆ!" ಅಂದ. ಪಾಲಮ್ಮ ಚೂರು ಆಯ್ದುಕೊಂಡಳು. "ಹಳೇದಾಗಿತ್ತು ಬಿಡು," ಅಂದಳು. ಮನೆಗೆ ಹೋಗಿ ಒನಕೆ ಹಿಡಿದು ಕುಟ್ಟಿದಳು. ರಾಗಿ ಕುಟ್ಟಿದಳು, ಮೆಣಸಿನಕಾಯಿ ಕುಟ್ಟಿದಳು, ಕುಟ್ಟಲು ಏನೂ ಉಳಿಯದೆ ಬರೀ ಒರಳು ಕುಟ್ಟಿದಳು.

ಕೊನೆಗೆ ಹುಣ್ಣಿಮೆಯ ಸಂಜೆ ಸಣ್ಣೀರಪ್ಪ ಕಿವಿಯಲ್ಲಿ ಊದಿದ. "ಅಕ್ಕ, ಬೊಮ್ಮಕ್ಕ ಹೇಳ್ತಿದ್ದಳು, ನಿನ್ನ ಮುದ್ದೆ ಗಂಟು ಗಂಟಂತೆ. ನಿಮ್ಮತ್ತೆ ಅದನ್ನೇ ನುಂಗಲಾರದೆ ಸತ್ತಳಂತೆ."

ಪಾಲಮ್ಮ ಗೋಡೆಯ ಮೇಲಿಂದ ಇಣುಕಿದಳು. "ಹೇಳಿದ್ಯೇನೇ?"

ಬೊಮ್ಮಕ್ಕನಿಗೆ ಸುಳ್ಳು ಬಾರದು. "ಹೇಳಿದ್ದೆ. ಹೋದ ವರ್ಷ."

ಮೇಕೆ ಸಹಿಸಬಹುದು. ಕೊಡ ಸಹಿಸಬಹುದು. ಮುದ್ದೆಯ ಮಾತನ್ನು ಸಹಿಸುವುದು ಹೇಗೆ, ಹೇಳಿ? ಪಾಲಮ್ಮ ಸೆರಗು ಬಿಗಿದಳು. ನೇರ ಕಟ್ಟೆಗೆ ನಡೆದಳು. ಹಿಂದೆ ಬೊಮ್ಮಕ್ಕ ಓಡಿದಳು, ಅವಳ ಹಿಂದೆ ಊರು ಓಡಿತು. "ಬೇಡ ಪಾಲಮ್ಮ, ಇನ್ನೊಂದು ಗಳಿಗೆ ತಡಕೋ!" ಅಂದ ಗಿರಿಯಣ್ಣ. ಅವಳಿಗೆ ಕೇಳಿಸಲಿಲ್ಲ. ಎದೆಯಲ್ಲಿದ್ದ ಬೈಗುಳವೆಲ್ಲ ಗಂಟಲಿಗೆ ಬಂದು ನಿಂತಿತ್ತು.

ಭರ್ಮಪ್ಪ ಹಿಗ್ಗಿ ಎದ್ದು ನಿಂತ. "ಬಾ ತಾಯಿ, ಬಾ. ಏನು ನಿನ್ನ ನ್ಯಾಯ? ಯಜಮಾನನ ಮುಂದೆ ಹೇಳು."

ಯಜಮಾನ! ಆ ಒಂದು ಮಾತಿಗೆ ಪಾಲಮ್ಮನ ಕಾಲು ನಿಂತಿತು. ಬಾಯಿ ತೆರೆದೇ ಇತ್ತು. ಮುಚ್ಚಿದಳು. ಗಂಟಲಿಗೆ ಬಂದದ್ದನ್ನೆಲ್ಲ ನುಂಗಿದಳು. ಗಂಟಿನ ಮುದ್ದೆಗಿಂತ ಕಷ್ಟವಾಯಿತು.

"ನ್ಯಾಯ ಏನೂ ಇಲ್ಲ ಭರ್ಮಪ್ಪ," ಅಂದಳು. "ಇಲ್ಲಿಂದ ಚಂದ್ರ ಚೆನ್ನಾಗಿ ಕಾಣ್ತಾನೆ ಅಂದರು. ನೋಡೋಣ ಅಂತ ಬಂದೆ." ಕಟ್ಟೆಯ ಕೆಳಗೆ ಕೂತೇಬಿಟ್ಟಳು.

ಪಕ್ಕದಲ್ಲಿ ಬೊಮ್ಮಕ್ಕ ಕೂತಳು. ಅವಳ ಪಕ್ಕ ಇನ್ನೊಬ್ಬರು. ಊರೆಲ್ಲ ಕೂತು ಮೂಡಣ ನೋಡಿತು.

"ಅಯ್ಯೋ, ಒಂದು ಜಗಳ ಕೊಡ್ರಪ್ಪ!" ಭರ್ಮಪ್ಪ ಅಂಗಲಾಚಿದ. "ಕೋಳಿ ಜಗಳವಾದರೂ ಸರಿ, ಅತ್ತೆ ಸೊಸೆ ಜಗಳವಾದರೂ ಸರಿ!"

"ನಮ್ಮ ಸೊಸೆ ಬಂಗಾರ," ಅಂದಳು ಒಬ್ಬ ಅತ್ತೆ. ಸೊಸೆ ಬೆಚ್ಚಿಬಿದ್ದಳು.

ಚಂದ್ರ ಮೂಡಿದ. ಭರ್ಮಪ್ಪ ಶಾಲು ಮಡಚಿಕೊಂಡು ಇಳಿದ. ಯಾರೂ ಅವನನ್ನು ಮುಟ್ಟಲಿಲ್ಲ, ಬೈಯಲಿಲ್ಲ. ದಾರಿ ಬಿಟ್ಟರು.

ಮತ್ತೆ ಗಡಿಗೆ ಇಟ್ಟರು. ಈ ಸಲ ಊಟ ಚಾವಡಿಯ ಬಾಗಿಲಲ್ಲೇ! ಗಿರಿಯಣ್ಣ ಗೆದ್ದ. ಅವನು ಕಟ್ಟೆ ಹತ್ತಿ ಕೂರುವ ಮೊದಲೇ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ತಳ್ಳಿಕೊಂಡು ಮುಂದೆ ಬಂದರು.

"ನ್ಯಾಯ ಹೇಳು ಗಿರಿಯಣ್ಣ! ಬಾಯಿ ಕಟ್ಟಿ ಊರು ಉಳಿಸಿದವಳು ನಾನು!"

"ಇವಳೊಬ್ಬಳೇ ಏನು? ಇವಳ ಮುದ್ದೆ ಬಗ್ಗೆ ಇನ್ನೂ ಎಷ್ಟು ಹೇಳೋದಿತ್ತು, ಎಲ್ಲ ನುಂಗಿಕೊಂಡವಳು ನಾನು!"

ಗಿರಿಯಣ್ಣ ತಲೆಯ ಮೇಲೆ ಕೈ ಇಟ್ಟುಕೊಂಡ. ಮರದ ಮೇಲಿನ ಕಾಗೆಗಳು ಒಂದೇ ಸಲ ಎದ್ದು ಹಾರಿದವು. ಊರಿಗೆ ಅಂಬಲಿ ಮತ್ತೆ ರುಚಿಸಿತು.

ಅವರ ಜಗಳ ಅವರಿಗಿರಲಿ, ನಮ್ಮ ಬೀಜ ನಮ್ಮ ಗಡಿಗೆಯಲ್ಲೇ ಇರಲಿ. ಕಥೆ ಇಳಿಸಿದೆ, ನೀವಿನ್ನು ಏಳಿ.