ಲಂಡನ್ನಿನಿಂದ ತಂದ ಬಲೆ

ತೊಂಬತ್ತಾರರಲ್ಲಿ, ನೈರೋಬಿಯ ಹರ್ಲಿಂಗ್‌ಹ್ಯಾಮ್ ಬಡಾವಣೆಯ ಕ್ಲಿನಿಕ್ಕೊಂದರಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಎದುರಿನ ಬೆಂಚಿನಲ್ಲಿ ಸೊರಗಿದ ಮೇಷ್ಟ್ರೊಬ್ಬರು, ಪಕ್ಕದಲ್ಲಿ ಫ್ಲಾಸ್ಕ್ ಹಿಡಿದ ಮಂಗಳೂರಿನ ಹೆಂಗಸು. ಆ ಊರಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಕೇಳದೆ ಇರಲು ನನ್ನಿಂದಾಗದು.

“ನಿನ್ನೆಯಾದ್ರೂ ಅನ್ನ ಇಳೀತಾ ಮೇಷ್ಟ್ರೇ?”

“ಎಲ್ಲಿ ಕ್ಲೋಟಿಲ್ಡಮ್ಮ, ನೀರೇ ಕಷ್ಟ. ಹರ್ನಿಯಾ ಆಪರೇಷನ್ನಲ್ಲಿ ಹೊಟ್ಟೆ ಮತ್ತೆ ಮೇಲೇರದ ಹಾಗೆ ಒಳಗೆ ಹೊಲಿದ ಪ್ಲಾಸ್ಟಿಕ್ ಬಲೆ ಈಗ ಅನ್ನನಾಳಾನೇ ಕೊರೀತಿದೆಯಂತೆ.”

“ಲಂಡನ್ನಲ್ಲಿರುವ ನನ್ನ ತಂಗಿ ಹತ್ರ ಕೇಳಿ ಆ ಬಲೆ ತಂದದ್ದು ನಾನೇ ಅಲ್ವಾ.”

“ಒಳ್ಳೇದಾಗಲಿ ಅಂತ ತಾನೇ ತಂದ್ರಿ.”

“ನಾನು ತರದಿದ್ರೆ ಡಾಕ್ಟ್ರು ಬರೇ ಹೊಲಿಗೆ ಹಾಕ್ತಿದ್ರು.”

“ಎದೆಗೇರಿದ ಹೊಟ್ಟೇನ ಕೆಳಗೆಳೆದು ಹೊಲಿದ್ರೆ ಸಾಕು ಅಂತಲೇ ಅವರೂ ಹೇಳಿದ್ದು. ಬಲೇನೂ ಇರಲಿ ಅಂದೋನು ನಾನು.”

“ನೀವಾ? ಎಂತಕ್ಕೆ?”

“ಅಷ್ಟು ದೂರದಿಂದ ತಂದಿದ್ರಿ. ಬೇಡ ಅನ್ನೋಕೆ ಸಂಕೋಚ ಆಯ್ತು.”

ಆಕೆ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಲೋಟಕ್ಕೆ ಬಗ್ಗಿಸಿದರು.

“ಗಂಜಿ ಮೂರು ಸಲ ಸೋಸಿ ತಂದಿದ್ದೇನೆ. ಎರಡು ಗುಟುಕು ಕುಡೀರಿ.”

“ಕೊಡಿ, ಕೊಡಿ.”

ನರ್ಸ್ ಬಾಗಿಲು ತೆರೆದು ಸ್ವಾಹಿಲಿಯಲ್ಲಿ “ಕರಿಬು”, ಒಳಗೆ ಬನ್ನಿ, ಎಂದು ಕರೆದಳು. ಇಬ್ಬರೂ ಎದ್ದು ಒಳಗೆ ಹೋದರು. ಮೇಷ್ಟ್ರ ಕೈಯಲ್ಲಿ ಲೋಟ ತುಂಬಿದ್ದು ತುಂಬಿದ ಹಾಗೇ ಇತ್ತು.