ಎಂಜಿನ್ ರೂಮಿನ ದನಿ

ಕಿವಿ ಡಾಕ್ಟರ ಬಾಗಿಲ ಮುಂದೆ ನನ್ನ ಪಕ್ಕ ಗಂಡ ಹೆಂಡತಿ ಕೂತಿದ್ದರು. ಆತ ನೌಕಾಪಡೆಯ ಎಂಜಿನಿಯರ್. ಪಿಸುಗುಡುತ್ತಿದ್ದೇನೆ ಅಂದುಕೊಂಡಿದ್ದ, ಕೋಣೆಗೆಲ್ಲ ಕೇಳುತ್ತಿತ್ತು.

“ಇವತ್ತು ಕಿವಿ ಪಾಸಾದ್ರೆ ಮತ್ತೆ ಹಡಗು.”

“ದಡದ ಕೆಲಸಕ್ಕೆ ಬಂದು ಇನ್ನೂ ವರ್ಷ ತುಂಬಿಲ್ಲ.”

“ಹಡಗು ಹತ್ತದೆ ಪ್ರಮೋಷನ್ ಎಲ್ಲಿಂದ ಬರುತ್ತೆ?”

“ಮಗಳು ಈಗಷ್ಟೇ ನಿಮ್ಮ ದನಿಗೆ ಹೆದರೋದು ಬಿಟ್ಟಿದ್ದಾಳೆ.”

“ನಾನೆಲ್ಲಿ ಬೈದೆ ಅವಳನ್ನ?”

“ಬೈಯಲ್ಲ ರೀ. ಎಂಜಿನ್ ಪಕ್ಕ ನಿಂತ ಹಾಗೆ ಮಾತಾಡ್ತೀರಿ. ಕೇಳಿಸದಿದ್ರೆ ಕೇಳಿಸಲ್ಲ ಅಂತ ಹೇಳಿಬಿಡಿ. ಹೋದ ಸಲದ ಪರೀಕ್ಷೆ ಹಾಗೆ, ಬೀಪ್ ಸದ್ದು ಕೇಳಿಸದೆಯೇ ಅಂದಾಜಿನ ಮೇಲೆ ಗುಂಡಿ ಒತ್ತಬೇಡಿ.”

“ನೋಡೋಣ.”

ನರ್ಸ್ ಬಾಗಿಲಲ್ಲಿ ನಿಂತು ಅವನನ್ನು ಕರೆದಳು. ಆತ ಗೋಡೆ ನೋಡುತ್ತಲೇ ಇದ್ದ. ಮತ್ತೊಮ್ಮೆ ಕರೆದಳು. ಹೆಂಡತಿ ತುಟಿ ಬಿಗಿಹಿಡಿದು ನೆಲ ನೋಡಿದಳು. ಮೂರನೇ ಸಲಕ್ಕೆ ಅವನ ಮೊಣಕೈ ಮುಟ್ಟಿ, “ಕರೀತಿದ್ದಾರೆ, ಏಳಿ,” ಅಂದಳು.