ಕಾಣೆಯಾದ ಗಂಡ, ಕಾಣೆಯಾದ ದೋಣಿ

ಹೇಳಿಕೆ ಕೊಟ್ಟವರು: ಹೆಂಗಸು, ವಯಸ್ಸು ನಲವತ್ತೊಂದು, ಆಸ್ಪತ್ರೆಯ ರಕ್ತ ಪರೀಕ್ಷಾ ವಿಭಾಗದಲ್ಲಿ ಕೆಲಸ, ವಾಸ ಲಾಂಡ್ರಿ ಅಂಗಡಿಯ ಮೇಲಿನ ಮಹಡಿ ಮನೆ.

ಠಾಣೆಗೆ ಖುದ್ದಾಗಿ ಹಾಜರಾಗಿ, ಠಾಣಾಧಿಕಾರಿಗಳಾದ ತಮಗೆ ಈ ಮೂಲಕ ತಿಳಿಸುವುದೇನೆಂದರೆ, ನಾನು ಮೇಲ್ಕಂಡ ವಿಳಾಸದಲ್ಲಿ ಗಂಡ ಹಾಗೂ ಅತ್ತೆಯವರೊಂದಿಗೆ ವಾಸವಾಗಿರುತ್ತೇನೆ. ನನ್ನ ಗಂಡ ಲಿಫ್ಟ್ ರಿಪೇರಿ ಕೆಲಸ ಮಾಡಿಕೊಂಡಿರುತ್ತಾರೆ. ಅತ್ತೆಯವರಿಗೆ ನಡೆಯಲು ಆಗದ ಕಾರಣ, ಮದುವೆಯಾಗಿ ಹದಿನಾರು ವರ್ಷವಾದರೂ ನಾವಿಬ್ಬರೇ ಎಲ್ಲಿಗೂ ಹೋಗಿರಲಿಲ್ಲ. ಈ ವಾರ ನಾದಿನಿ ಬಂದು, ಎರಡು ದಿನ ಅಮ್ಮನನ್ನು ತಾನು ನೋಡಿಕೊಳ್ಳುವುದಾಗಿ ಹೇಳಿ ನಮ್ಮನ್ನು ಬಲವಂತವಾಗಿ ಹೊರಡಿಸಿದಳು.

ನಿನ್ನೆ ಶನಿವಾರ ಮಧ್ಯಾಹ್ನ ಸರೋವರದ ದಡದ ವಸತಿಗೃಹಕ್ಕೆ ಬಂದು ಸೇರಿದೆವು. ಬಸ್ ಇಳಿಯುವಾಗ ಹಿಡಿದ ಮಳೆ ಬಿಡಲಿಲ್ಲ. ಕಿಟಕಿಯಿಂದ ಕಾಣುವ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟಿದ್ದವು. ಅಲ್ಲಿಗೆ ದೋಣಿಯಲ್ಲಿ ಹೋಗೋಣವೆಂದು ಗಂಡ ಕರೆದರು. ನನಗೆ ನೀರೆಂದರೆ ಭಯ. "ನಾನಂತೂ ಆ ಲಟಕಾಸಿ ದೋಣಿ ಹತ್ತಲ್ಲಪ್ಪ" ಎಂದೆ. ಅವರು ಮತ್ತೆ ಒತ್ತಾಯ ಮಾಡಲಿಲ್ಲ. ಒದ್ದೆಯಾಗಿದ್ದ ನನ್ನ ಶಾಲನ್ನು ಫ್ಯಾನಿನ ಕೆಳಗೆ ಹರವಿ, ಕುರ್ಚಿಯನ್ನು ಕಿಟಕಿಯ ಬಳಿಗೆ ಎಳೆದುಕೊಟ್ಟರು. ಸಂಜೆಯವರೆಗೂ ಅಲ್ಲೇ ಕುಳಿತು ಮಾತಾಡಿದೆವು. ಏನು ಮಾತಾಡಿದಿರಿ ಎಂದು ತಾವು ಕೇಳಿದ್ದಕ್ಕೆ, ಪ್ರಕರಣಕ್ಕೆ ಸಂಬಂಧಪಟ್ಟಿದ್ದು ಯಾವುದೂ ಇಲ್ಲವೆಂದು ತಿಳಿಸಿರುತ್ತೇನೆ.

ಇಂದು ಬೆಳಿಗ್ಗೆ ಏಳು ಗಂಟೆಗೆ ಎಚ್ಚರವಾದಾಗ ಗಂಡ ಕೋಣೆಯಲ್ಲಿ ಇರಲಿಲ್ಲ. ಮೊಬೈಲ್ ಮೇಜಿನ ಮೇಲೇ ಇತ್ತು. ಚಹಾ ತರಲು ಹೋಗಿರಬಹುದೆಂದು ಕಾದೆ. ಎಂಟಾದರೂ ಬಾರದಿದ್ದಾಗ ಹೊರಗೆ ಹುಡುಕಿದೆ. ದೋಣಿ ಕಟ್ಟುವ ಕಟ್ಟೆಯ ಮೇಲೆ ಅವರ ಚಪ್ಪಲಿ ಮಾತ್ರ ಇದ್ದವು. ಕೊಡೆಯನ್ನು ಅಲ್ಲೇ ಬಿಟ್ಟು ಠಾಣೆಗೆ ಓಡಿಬಂದೆ.

ಗಂಡ ಕಾಣೆಯಾದ ಬಗ್ಗೆ ನಾನು ಹೇಳುತ್ತಿರುವಾಗ, ಪಕ್ಕದ ಮೇಜಿನಲ್ಲಿ ದೋಣಿಯವರೊಬ್ಬರು ತಮ್ಮ ದೋಣಿ ಕಳವಾದ ಬಗ್ಗೆ ದೂರು ಕೊಡುತ್ತಿದ್ದರು. ಬರೆದುಕೊಳ್ಳುತ್ತಿದ್ದ ಮಹಿಳಾ ಕಾನ್‌ಸ್ಟೆಬಲ್ ಪೆನ್ನು ಕೆಳಗಿಟ್ಟು, "ಅಕ್ಕಾ, ನಿಮ್ ಯಜಮಾನ್ರು, ಇವರ ದೋಣಿ ಎರಡೂ ಒಂದೇ ಕಡೆ ಇರಬೇಕು" ಎಂದರು. ದೋಣಿಯವರ ಮುಖ ಬಿಳಿಚಿಕೊಂಡಿತು. "ಅದರ ಹುಟ್ಟು ಬಿರುಕು ಬಿಟ್ಟಿದೆ ಕಣಮ್ಮಾ" ಎಂದಷ್ಟೇ ಹೇಳಿ, ದೂರನ್ನು ಅರ್ಧಕ್ಕೇ ಬಿಟ್ಟು ಎದ್ದರು.

ತಮ್ಮ ಅಣ್ಣನ ಮೋಟಾರ್ ದೋಣಿಯಲ್ಲಿ ಅವರೂ ಕಾನ್‌ಸ್ಟೆಬಲ್ ಅವರೂ ಹುಡುಕಲು ಹೊರಟರು. ದಡದಲ್ಲೇ ಇರುವಂತೆ ತಾವು ನನಗೆ ಸೂಚಿಸಿದ್ದು ನಿಜ. ನಾನು ಕೇಳಲಿಲ್ಲ. ದೋಣಿಯನ್ನು ಹೇಗೆ ಹತ್ತಿದೆನೆಂಬುದು ನೆನಪಿಲ್ಲ. ಕಾನ್‌ಸ್ಟೆಬಲ್ ಅವರ ತೋಳು ಹಿಡಿದದ್ದು ನೆನಪಿದೆ. ಅಲ್ಲಿ ಉಗುರಿನ ಗುರುತು ಮೂಡಿದ್ದಕ್ಕೆ ಕ್ಷಮೆ ಕೇಳಿರುತ್ತೇನೆ.

ನಡುಗಡ್ಡೆಯ ಆಚೆ ಬದಿಯಲ್ಲಿ, ಜೊಂಡಿನ ನಡುವೆ ದೋಣಿ ಸಿಕ್ಕಿಕೊಂಡಿತ್ತು. ನನ್ನ ಗಂಡ ಮರದ ಕೆಳಗೆ ಅಂಗಿ ಹಿಂಡುತ್ತ ನಿಂತಿದ್ದರು. ಮೈಯೆಲ್ಲ ನಡುಗುತ್ತಿತ್ತು. ನನ್ನನ್ನು ಕಂಡವರೇ, "ಅಯ್ಯೋ, ನೀನ್ಯಾಕೆ ನೀರಿಗೆ ಬಂದೆ?" ಎಂದು ಗದರಿದರು. "ನಿಮ್ಮನ್ನ ನೀರಿಗೆ ಬಿಟ್ಟು ನಾನು ದಡದಲ್ಲಿ ಕೂತ್ಕೋಬೇಕಿತ್ತಾ?" ಎಂದು ಕೇಳಿ ಎಲ್ಲರ ಎದುರೇ ಅತ್ತುಬಿಟ್ಟೆ.

ಅವರನ್ನು ಕೇಳಲಾಗಿ, ದೋಣಿ ಗಟ್ಟಿಯಾಗಿದೆಯೇ ಎಂದು ನೋಡಲು ಒಂದು ಸುತ್ತು ಹೋಗಿದ್ದಾಗಿಯೂ, ಅರ್ಧ ದಾರಿಯಲ್ಲಿ ಹುಟ್ಟು ಮುರಿದು ಗಾಳಿ ತಳ್ಳಿದ ಕಡೆಗೆ ತೇಲಿದ್ದಾಗಿಯೂ ತಿಳಿಸಿದರು. "ನೀನು ಕೂರೋ ದೋಣಿ ಅಂದ್ಮೇಲೆ ಮೊದಲು ನಾನು ಕೂತು ನೋಡ್ಬೇಡ್ವಾ?" ಎಂದರು. ರಿಪೇರಿಯಾದ ಲಿಫ್ಟನ್ನೂ ತಾವೇ ಮೊದಲು ಹತ್ತಿ ಇಳಿಯದೆ ಇನ್ನೊಬ್ಬರಿಗೆ ಬಿಟ್ಟುಕೊಡದಿರುವುದು ಅವರ ರೂಢಿ. ಹೇಳದೆ ಕೇಳದೆ ದೋಣಿ ತೆಗೆದದ್ದು ತಪ್ಪೆಂದು ದೋಣಿಯವರ ಕೈ ಹಿಡಿದು ಒಪ್ಪಿಕೊಂಡರು. ದೋಣಿಯವರು, "ಜೀವ ಉಳೀತಲ್ಲ, ಬಿಡಿ ಸಾರ್" ಎಂದು ಹೇಳಿ ದೂರನ್ನು ಹಿಂಪಡೆದಿರುತ್ತಾರೆ. ನನಗೂ ಯಾರ ಮೇಲೂ ದೂರಿಲ್ಲ.

ನನ್ನ ಗಂಡ ಈಗ ಹೊರಗಿನ ಬೆಂಚಿನ ಮೇಲೆ, ತಾವು ಕೊಡಿಸಿದ ಕಂಬಳಿ ಹೊದ್ದು ನಿದ್ದೆ ಹೋಗಿರುತ್ತಾರೆ. ಅವರ ಹೇಳಿಕೆಯನ್ನು ಅವರಾಗಿಯೇ ಎದ್ದ ಮೇಲೆ ಬರೆದುಕೊಳ್ಳಬೇಕಾಗಿ ವಿನಂತಿ. ಅಲ್ಲಿಯವರೆಗೆ ನಾನು ಅವರ ಪಕ್ಕದಲ್ಲೇ ಕುಳಿತಿರುತ್ತೇನೆ.

ಇಷ್ಟನ್ನು ನಾನೇ ಹೇಳಿ ಬರೆಸಿದ್ದು, ಓದಿಸಿ ಕೇಳಿದ್ದೇನೆ, ನಡೆದದ್ದು ನಡೆದ ಹಾಗೆಯೇ ಇದೆ.

ಸ್ಥಳ: ಸರೋವರದ ದಡದ ಠಾಣೆ
ದಿನ: ಭಾನುವಾರ, ಮಧ್ಯಾಹ್ನ, ಮಳೆ
ಹೇಳಿಕೆ ಕೊಟ್ಟವರ ಸಹಿ